ಹೆಬ್ಬಾಗಿಲು ಬಿಟ್ಟರೂ ಬಾಗಿಲು ಬಿಡದ ಅಪ್ಪ

ನಮ್ಮಪ್ಪ ಬಾಗಿಲ ಹತ್ರ ನಿಂತ ಅಂದ್ರೆ ಅಲ್ಲೊಂದು ರಾಮಾಯಣ ಆಗಲೇಬೇಕು. ಸುಲ್ತಾನರ ಕಾಲದಲ್ಲಿ ಪಟ್ಣದ ಕೋಟೆಯ ಒಂದು ಹೆಬ್ಬಾಗಿಲಿಗೆ ಅವನೇ ಕಾವಲು. ನಮ್ಮದು ಕಮ್ಮಾರರ ಮನೆ. ಪ್ರಾಯದಲ್ಲಿ ಆ ಬಾಗಿಲಿನ ಅಗುಳಿ ಸರಿಮಾಡಕ್ಕೆ ಅಂತ ಹೋದವನು, ಮಾಡಿದ್ದು ಸರಿಯಾಗಿ ಬೀಳುತ್ತೋ ಇಲ್ವೋ ನೋಡ್ತೀನಿ ಅಂತ ಅಲ್ಲೇ ನಿಂತ. ತಲೆ ನರೆಯೋವರೆಗೂ ನೋಡ್ತಾನೇ ಇದ್ದ.

ಹೆಬ್ಬಾಗಿಲಿಗೆ ಒಂದು ಕಟ್ಟಳೆ ಇತ್ತು. ಬಂದವರನ್ನ ಯಾರು, ಎಲ್ಲಿಂದ, ಯಾಕೆ, ಗಂಟಲ್ಲೇನು ಅಂತ ಕೇಳಬೇಕು. ದೀಪ ಹಚ್ಚೋ ಹೊತ್ತಿಗೆ ಬಾಗಿಲು ಹಾಕಬೇಕು. ಆಮೇಲೆ ಬಂದವರಿಗೆ ಒಳಗಿನವರೊಬ್ಬರು ಬಂದು, ‘ನಂಗೊತ್ತು, ನಾನು ಜಾಮೀನು’ ಅಂದ್ರೆ ಮಾತ್ರ ಪಕ್ಕದ ಸಣ್ಣ ದಿಡ್ಡಿ ಬಾಗಿಲು ತೆಗೀಬೇಕು. ಬೇರೆ ಕಾವಲಿನವರು ಅಷ್ಟಿಷ್ಟು ಕಣ್ಣು ಮುಚ್ಚೋರು. ನಮ್ಮಪ್ಪ ರೆಪ್ಪೇನೂ ಹೊಡೀತಿರಲಿಲ್ಲ. ಇವನ ದೆಸೆಯಿಂದ ನನ್ನ ಮದುವೇನೇ ಆಗದಂಗೆ ಆಗಿತ್ತು ಅಂದ್ರೆ ನಂಬ್ತೀರಾ?

ಅತ್ತೆ ಬಂದದ್ದು

ನಮ್ಮಜ್ಜಿ, ಅಂದ್ರೆ ಅವ್ವನ ತಾಯಿ, ನಾಗಮಂಗಲದೋಳು. ಒಂದ್ಸಲ ನದಿ ದಾಟೋದು ತಡವಾಗಿ, ಹೆಬ್ಬಾಗಿಲು ಹಾಕಿದ ಮೇಲೆ ಬಂದು ನಿಂತಳು.

“ನಾನು ಕಣಪ್ಪಾ, ಬಾಗ್ಲು ತೆಗಿ!”

“ನಾನು ಅಂದ್ರೆ ಯಾರು?”

“ನಿನ್ ಹೆಂಡ್ತಿ ಹೆತ್ತೋಳು!”

“ಯಾರು ಜಾಮೀನು?”

“ನೀನೇ ಆಗು! ಅಳಿಯ ಅಲ್ವಾ?”

“ಕಾವಲಿನೋನು ಜಾಮೀನು ನಿಲ್ಲಂಗಿಲ್ಲ ಅತ್ತೆ. ಮನೆಯಿಂದ ಕರೆಸ್ತೀನಿ, ತಡಿ.”

ಆಳು ಮನೆಗೆ ಬಂದು ಹೇಳಿ, ಅವ್ವ ಒಲೆ ಮೇಲಿನ ಮುದ್ದೆ ಇಳಿಸಿ, ಓಡಿಹೋಗಿ ತನ್ನ ಹೆತ್ತ ತಾಯಿಗೆ ಜಾಮೀನು ನಿಂತಳು. ದಿಡ್ಡಿ ಬಾಗಿಲು ತೆರೀತು. ಅಪ್ಪ ಆಮೇಲೂ ಬಿಡಲಿಲ್ಲ.

“ಗಂಟಲ್ಲೇನು?”

“ನಿಂಗೇಂತ ಕಜ್ಜಾಯ ತಂದಿದ್ದೆ. ಕಾದೂ ಕಾದೂ ಹಸಿವಾಗಿ ನಾನೇ ತಿಂದ್ಬುಟ್ಟೆ. ಬರೀ ಬಟ್ಟೆ ಐತೆ, ನೋಡ್ಕೋ!”

ಈ ಅಜ್ಜಿ ಜೊತೆ ನಾನೂ ನಾಗಮಂಗಲಕ್ಕೆ ಹೋಗಿ ಬಂದು ಮಾಡ್ತಿದ್ದೆ. ಅಲ್ಲಿ ನಮ್ಮ ಕುಲದವರೇ ಹಿತ್ತಾಳೆ ಕೆಲಸದವರು ಇದ್ರು. ಅಜ್ಜಿ ಮನೆ ಚೊಂಬಿಗೆ ಅಲ್ಲಿ ಬೆಸುಗೆ ಹಾಕಿಸ್ಕೊಂಡು ಬರೋದು ನನ್ನ ಪಾಲಿನ ಕೆಲಸ. ಎಷ್ಟು ಹಾಕಿಸಿದ್ರೂ ಆ ಚೊಂಬು ತಿರುಗಾ ಸೋರೋದು. ಅಜ್ಜಿ ಚೊಂಬಿಗೆ ಶಾಪ ಹಾಕೋಳು, ನಾನು ಎತ್ಕೊಂಡು ಹೊರಡೋಳು.

ಹಿರೋಡೆಯವರ ನಿಜ

ನನ್ನ ನೋಡಕ್ಕೆ ಹಿರೋಡೆಯಿಂದ ಗಂಡಿನ ಕಡೆಯವರು ಬಂದ್ರು. ಹೆಬ್ಬಾಗಿಲಲ್ಲಿ ನಮ್ಮಪ್ಪನೇ ನಿಂತಿದ್ದ. ಅವರಿಗೆ ಇವನ ಗುರುತಿಲ್ಲ.

“ಏನ್ ಕೆಲ್ಸ?”

“ಹೆಣ್ ನೋಡಕ್ಕೆ ಬಂದ್ವಿ ಸ್ವಾಮಿ. ಹೆಬ್ಬಾಗ್ಲು ಕಾಯೋರ ಮಗಳಂತೆ.”

“ಹೆಂಗಂತೆ ಹುಡ್ಗಿ?”

“ಹುಡ್ಗಿ ಚಿನ್ನದಂಥೋಳಂತೆ. ಅವ್ರಪ್ಪಾನೇ ಒಂಥರಾ ಅಂತಾರೆ. ತಲೆ ಸರಿಯಿಲ್ವಂತೆ.”

ಅಪ್ಪ ಗಂಭೀರವಾಗಿ ತಲೆಯಾಡಿಸಿ, “ಸುಳ್ ಹೇಳೋ ಜನ ಅಲ್ಲ. ಒಳಕ್ಕೋಗಿ” ಅಂತ ಬಿಟ್ಟ. ಅವರು ನಮ್ಮನೇಲಿ ಪಾನಕ ಕುಡಿದು, ನನ್ನ ನೋಡಿ ಒಪ್ಪಿ, ತಾಂಬೂಲಕ್ಕೆ ಕೈ ಚಾಚೋ ಹೊತ್ತಿಗೆ ಅಪ್ಪ ಪಹರೆ ಮುಗಿಸಿ ಒಳಗೆ ಬಂದ. ಅವರ ಮುಖ ಸುಟ್ಟ ಬದನೆಕಾಯಿ ಆಯ್ತು. ಎದ್ದವರು ಹಿತ್ತಿಲ ಬಾಗಿಲಿಂದ ಹೋದೋರೇ ಸೈ. ಅವ್ವ ಸೆರಗಲ್ಲಿ ಕಣ್ಣೊರೆಸಿಕೊಂಡು, “ನೀವು ಆ ಪಹರೆ ಇಳಿಯೋಗಂಟ ಈ ಮಗೀಗೆ ಮದ್ವೆ ಇಲ್ಲ” ಅಂದಳು.

ಅಪ್ಪ ಕೈ ಒರೆಸಿಕೊಳ್ತಾ, “ಅವ್ರು ಹಿತ್ಲ ಬಾಗ್ಲಲ್ಲಿ ಯಾರನ್ ಕೇಳಿ ಹೋದ್ರು?” ಅಂದ.

ಮೆರವಣಿಗೆ

ಪಟ್ಣಕ್ಕೆ ಮುತ್ತಿಗೆ ಬಿದ್ದು ಎದ್ದ ಮೇಲೆ ಅಪ್ಪನ ಕಣ್ಣು ಮಂಜಾಯ್ತು. ಪಹರೆಯವರ ಮೇಲಿನ ಜಮಾದಾರರು, “ಸಾಕು ಭಾಯಿ, ಆರಾಮಾಗಿ ಮನೇಲಿರು” ಅಂದ್ರು. ಅವತ್ತು ಅವ್ವನಷ್ಟು ಸಂತೋಷ ಪಟ್ಟೋರು ಪಟ್ಣದಲ್ಲೇ ಇರಲಿಲ್ಲ. ದೇವರಿಗೆ ತುಪ್ಪದ ದೀಪ ಹಚ್ಚಿದಳು.

ಪಹರೆಯವರೆಲ್ಲ ಸೇರಿ ಕೋಟೆ ಆಚೆ ನದಿ ದಂಡೆ ಮಂಟಪದಲ್ಲಿ ಅಪ್ಪನಿಗೆ ಹಾರ ಹಾಕಿ, ಪೇಟ ಸುತ್ತಿ, ಗಾಡಿ ಮೇಲೆ ಕೂರಿಸಿ ವಾಲಗದ ಸಮೇತ ನಮ್ಮನೆಗೆ ಹೊರಟ್ರು. ಹೆಬ್ಬಾಗಿಲ ಹತ್ರ ಹೊಸ ಕಾವಲಿನವನು ಕೈಮುಗಿದು ದಾರಿ ಬಿಟ್ಟ. ಅಪ್ಪ ಗಾಡಿಯಿಂದ ಧುಮುಕಿದ.

“ಯಾಕ್ಲಾ ತಡೀಲಿಲ್ಲ?”

“ನಿಮ್ದೇ ಮೆರವಣಿಗೆ ಅಲ್ವಾ ಅಣ್ಣ!”

“ಕಳ್ಳರೂ ನನ್ ಹೆಸ್ರು ಹೇಳ್ಕಂಡೇ ಬರೋದು ಕಣ್ಲಾ. ಕೇಳು ಎಲ್ಲಾರ್ನೂ!”

ಆ ಬಡಪಾಯಿ ಬಾಯಿ ಬಿಡೋ ಮುಂಚೆ ಅಪ್ಪನೇ ಶುರು ಹಚ್ಚಿಕೊಂಡ. ವಾಲಗದವರಾಯ್ತು, ಹೂವಿನವರಾಯ್ತು, ಕಡೆಗೆ ಜಮಾದಾರರ ಮುಂದೆ ನಿಂತ. “ಸಾಹೇಬ್ರು ಎಲ್ಲಿಗೆ?”

“ನಿನ್ನ ಮನೆಗೇ ಭಾಯಿ, ಊಟಕ್ಕೆ!”

“ಯಾರು ಜಾಮೀನು?”

“ಯಾ ಅಲ್ಲಾ! ನಂಗೆ ಊಟಾನೇ ಬ್ಯಾಡ” ಅಂತ ಸಾಹೇಬರು ಕುದುರೆ ತಿರುಗಿಸಿದ್ರು.

ಕೆಂಡ

ಮಾರನೇ ಬೆಳಗ್ಗೆ ಅಪ್ಪ ಮನೆ ಹೊಸ್ತಿಲ ಮೇಲೆ ಕೋಲು ಹಿಡಿದು ಕೂತ. ಪಕ್ಕದ ಮನೆಯಾಕೆ ಒಲೆ ಹಚ್ಚಕ್ಕೆ ಕೆಂಡ ಇಸ್ಕೊಳ್ಳಕ್ಕೆ ಬಂದು, ಮಡಕೆ ಓಡಲ್ಲಿ ನಾಲ್ಕು ಕೆಂಡ ಹಾಕ್ಕೊಂಡು ಹೊರಟಳು.

“ಎಲ್ಲಿಗ್ ಒಯ್ತೀಯವ್ವ?”

“ನಮ್ಮನೆಗೆ ಕಣಣ್ಣ.”

“ಯಾಕೆ?”

“ರೊಟ್ಟಿ ತಟ್ಟಕ್ಕೆ.”

“ಎಷ್ಟ್ ಜನಕ್ಕೆ? ಯಾರಾದ್ರೂ ಹೊಸಬ್ರು ಬಂದವ್ರಾ? ಯಾವೂರು?”

ಮನೆಗೆ ಬಂದಿದ್ದ ನಾದಿನಿಯ ಊರು, ಆ ನಾದಿನಿ ಗಂಡನ ಕಸುಬು ಎಲ್ಲಾ ಹೇಳಿ ಮುಗಿಯೋ ಹೊತ್ತಿಗೆ ಕೆಂಡ ಬೂದಿಯಾಗಿತ್ತು. ಆಕೆ ಓಡನ್ನ ಅಪ್ಪನ ಮುಂದೆ ಕುಕ್ಕಿ, “ತಗಳಣ್ಣ, ಇದನ್ನ ಹಣೆಗಾದ್ರೂ ಹಚ್ಕೋ” ಅಂದು ಹೋದಳು.

ಜಾಮೀನು

ಅಪ್ಪ ಪಹರೆ ಇಳಿದ ಸಂತೋಷಕ್ಕೆ ಅವ್ವ ನೆಂಟರಿಗೆಲ್ಲ ಒಬ್ಬಟ್ಟಿನ ಊಟ ಇಟ್ಟಳು. ಅದೇ ನೆವದಲ್ಲಿ ಅಜ್ಜಿ ನಾಗಮಂಗಲದಿಂದ ಒಂದು ಗಂಡು, ಅವನಪ್ಪ, ಇಬ್ಬರನ್ನೂ ಕರ್ಕೊಂಡು ಬರೋದು ಅಂತ ಆಯ್ತು. “ಈ ಸಂಬಂಧಾನೂ ತಪ್ಪಿದ್ರೆ ಇನ್ಯಾರೂ ಈ ಕಡೆ ತಲೆ ಹಾಕಲ್ಲ” ಅಂತ ಅವ್ವ ನಡುಗ್ತಿದ್ದಳು. ನಾನೂ ನಡುಗ್ತಿದ್ದೆ. ಆ ಗಂಡು ಯಾರು ಅಂತ ನಂಗೆ ಗೊತ್ತಿತ್ತು.

ಗಾಡಿ ಬಂದದ್ದು ದೀಪ ಹಚ್ಚಿದ ಮೇಲೆ. ಹೆಬ್ಬಾಗಿಲು ಹಾಕೋ ಹೊತ್ತಿಗೆ ಹೇಗೋ ನುಸುಳಿ ಬಂದವರು ನಮ್ಮನೆ ಬಾಗಿಲಲ್ಲಿ ಸಿಕ್ಕಿಬಿದ್ರು. ಅಪ್ಪ ಅಗುಳಿ ಹಾಕಿ ಕೂತಿದ್ದ.

“ತೆಗಿಯಪ್ಪಾ! ಮತ್ತೆ ನನ್ನ ಹೊರಗೆ ನಿಲ್ಲಿಸ್ತೀಯಾ? ಇವ್ರಿಗೆ ನಾನು ಜಾಮೀನು!” ಅಂತ ಅಜ್ಜಿ ಬಾಗಿಲು ಬಡಿದಳು.

“ಹೊರಗಿನೋರು ಜಾಮೀನು ನಿಲ್ಲಂಗಿಲ್ಲ ಅತ್ತೆ.”

“ನಮ್ಮವ್ವ ಕಣ್ರೀ!” ಅಂತ ಅವ್ವ ಅತ್ತಳು.

“ಅವ್ವಂಗಾಯ್ತು. ಮಿಕ್ಕೋರ್ಗೆ?”

ಅವ್ವ ಅವರನ್ನ ಕಂಡೋಳಲ್ಲ. ಹೊರಗೆ ಗಂಡಿನಪ್ಪ, “ಗಾಡಿ ತಿರುಗ್ಸು” ಅಂದದ್ದು ಕೇಳಿಸ್ತು. ನಂಗೆ ನೆಂಟರು, ನಾಚಿಕೆ ಯಾವುದೂ ನೆನಪಾಗಲಿಲ್ಲ.

“ನಂಗೊತ್ತು ಕಣಪ್ಪ. ನಾನು ಜಾಮೀನು.”

“ನಿಂಗೆಂಗವ್ವ ಗೊತ್ತು?”

“ಅಜ್ಜಿ ಮನೆ ಚೊಂಬಿಗೆ ಬೆಸುಗೆ ಹಾಕ್ಕೊಡೋರು ಇವ್ರೇ.”

ಅಪ್ಪ ಬಾಗಿಲ ಸಂದಿಗೆ ಬಾಯಿಟ್ಟ. “ಲೇ, ಆ ಸೋರೋ ಚೊಂಬು ನಿನ್ ಕೆಲ್ಸವೇನ್ಲಾ?”

“ಊಂ ಮಾವ.”

“ಮಾವ ಆಮೇಕೆ. ಒಂದ್ ಚೊಂಬು ಸೋರ್ದಂಗೆ ಮಾಡಕ್ಕೆ ಬರ್ದಿರೋನಿಗೆ ಕಮ್ಮಾರ್ರ ಮನೆ ಹೆಣ್ಣಾ? ನಡಿ ವಾಪಸ್ಸು!”

ನಾನು ಬಾಗಿಲಿಗೆ ಕಿವಿಗೊಟ್ಟೆ. ಹೊರಗಿಂದ ಮೆಲ್ಲಗೆ ಅವನ ದನಿ ಬಂತು. “ಕೆಲ್ಸ ಬರ್ದೆ ಅಲ್ಲ ಮಾವ. ಬೇಕೂಂತ್ಲೇ ಒಂಚೂರು ತೂತು ಬುಡ್ತಿದ್ದೆ. ಸೋರಿದ್ರೆ ತಾನೇ ಇವ್ರು ತಿರ್ಗಾ ಬರೋದು?”

“ಅಯ್ಯೋ ನಿನ್ ಮನೆ ಹಾಳಾಗ! ಸುಮ್ಸುಮ್ನೆ ಚೊಂಬ್ನ ಬೈದ್ನಲ್ಲೋ!” ಅಂತ ಅಜ್ಜಿ ಕಿರುಚಿದಳು.

ನೆಂಟರೆಲ್ಲ ಹೊಟ್ಟೆ ಹಿಡ್ಕೊಂಡು ನಕ್ಕರು. ಅಪ್ಪ ನಗಲಿಲ್ಲ. ನನ್ನ ಕಡೆ ತಿರುಗಿ ಮೆತ್ತಗೆ ಕೇಳಿದ, “ಜಾಮೀನು ಎಷ್ಟ್ ದಿವ್ಸಕ್ಕವ್ವ?”

“ನಾನಿರೋಗಂಟ ಕಣಪ್ಪ.”

ಅಪ್ಪ ಅಗುಳಿ ಸರಿಸಿದ. ಅವನ ಕಣ್ಣಲ್ಲಿ ನೀರಿತ್ತು. ನಂಗೂ ಸಂತೋಷಕ್ಕೆ ಅಳು ಬಂತು. ಹುಡುಗ ಹೊಸ್ತಿಲ ಮೇಲೆ ಕಾಲಿಡಬೇಕು, ಅಪ್ಪ ಕೋಲು ಅಡ್ಡ ಹಿಡಿದ.

“ತಡಿ. ಗಂಟಲ್ಲೇನು?”

“ಹೊಸ ಚೊಂಬು ಮಾವ. ತಾವು ಪಹರೆ ಇಳಿದಿದ್ದಕ್ಕೆ ಉಡುಗೊರೆ.”

“ಇದೂ ಸೋರ್ತದಾ?”

“ಇಲ್ಲ ಬುಡಿ ಮಾವ. ಇನ್ಯಾಕ್ ಸೋರ್ಬೇಕು?”