೩೦೪ನೇ ಫ್ಲಾಟಿನ ಸೋರಿಕೆಯನ್ನು ಅನುಮತಿಯಿಲ್ಲದೆ ನಿಲ್ಲಿಸಿದ ಪ್ರಕರಣ

ನೆರೂಳದ ಸ್ನೇಹದೀಪ ಹೌಸಿಂಗ್ ಸೊಸೈಟಿಯ ೩೦೪ನೇ ಫ್ಲಾಟಿನ ನಿವಾಸಿ ಶ್ರೀ ಸರ್ವೋತ್ತಮ ಅವರು ಈ ವರ್ಷದ ಜನವರಿ ತಿಂಗಳ ಎರಡನೇ ಭಾನುವಾರ, ಯಾರ ಅನುಮತಿಯನ್ನೂ ಪಡೆಯದೆ, ತಮ್ಮ ಬಚ್ಚಲಿನ ಸೋರುವ ನಲ್ಲಿಯನ್ನು ತಾವೇ ರಿಪೇರಿ ಮಾಡಿದರು. ರಿಪೇರಿಯ ನಂತರ ಸೋರುವುದು ನಿಂತಿತು. ಸೊಸೈಟಿಯ ಇಪ್ಪತ್ತೊಂಬತ್ತು ವರ್ಷಗಳ ಇತಿಹಾಸದಲ್ಲಿ ರಿಪೇರಿಯಿಂದ ಹೀಗಾದದ್ದು ಇದೇ ಮೊದಲು. ಜೊತೆ ಕಾರ್ಯದರ್ಶಿಯಾದ ನಾನು ಇದನ್ನು ದಾಖಲಿಸದಿದ್ದರೆ ಕರ್ತವ್ಯಲೋಪವಾಗುತ್ತದೆ.

ಸರ್ವೋತ್ತಮ ತುರ್ಭೆಯ ಒಂದು ಕಂಪನಿಯಲ್ಲಿ ಡಿಸ್ಪ್ಯಾಚ್ ಕ್ಲರ್ಕು. ಐವತ್ತೆರಡು ವರ್ಷಗಳಲ್ಲಿ ಊಟ ಮತ್ತು ಸಹಿ ಬಿಟ್ಟರೆ ಬೇರೇನನ್ನೂ ಸ್ವಂತ ಕೈಯಿಂದ ಮಾಡಿದವರಲ್ಲ. ನಮ್ಮಲ್ಲಿ ನೀರು ಬರುವುದು ಬೆಳಿಗ್ಗೆ ಒಂದು ಗಂಟೆ. ಆಗ ತುಂಬಿಟ್ಟ ಅವರ ಮನೆಯ ಟಾಂಕಿ ನಲ್ಲಿಯ ಸಣ್ಣ ಧಾರೆಯಲ್ಲೇ ನಾಲ್ಕರ ಹೊತ್ತಿಗೆ ಖಾಲಿ. ವಾಶಿಯ ಶಾಲೆಯಿಂದ ಐದಕ್ಕೆ ಬರುವ ಅವರ ಹೆಂಡತಿ ಚಂಪಾ ಅವರಿಗೆ ಮುಖ ತೊಳೆಯಲೂ ನೀರಿಲ್ಲ. ಒಂದೋ ನಲ್ಲಿ ಸರಿ ಮಾಡಿಸಿ, ಇಲ್ಲವೇ ನನ್ನನ್ನು ಉಡುಪಿಯ ಬಸ್ಸು ಹತ್ತಿಸಿ ಎಂದು ಅವರು ಮೂರು ವರ್ಷದಿಂದ ಹೇಳುತ್ತಿದ್ದರು. ಸೊಸೈಟಿಯ ಪ್ಲಂಬರ್ ಪೂವಪ್ಪ ಹನ್ನೊಂದು ಸಲ ಬಂದು ರಿಪೇರಿ ಮಾಡಿಹೋಗಿದ್ದ. ಪ್ರತಿ ಸಲವೂ ವಾರದೊಳಗೆ ಸೋರಿಕೆ ಪುನಃ ಶುರುವಾಗಿತ್ತು. ಇದರಲ್ಲಿ ಯಾರಿಗೂ ವಿಶೇಷ ಕಂಡಿರಲಿಲ್ಲ.

ಆ ಭಾನುವಾರ ಸರ್ವೋತ್ತಮ ವಾಲ್ವ್ ಮುಚ್ಚಿ, ನಟ್ಟು ತಿರುಗಿಸುವ ಪಾನಾ ಹಿಡಿದು ನಲ್ಲಿಯ ತಲೆ ಬಿಚ್ಚಿ, ಒಳಗೆ ಕೊಳೆತು ಕೂತಿದ್ದ ರಬ್ಬರ್ ವಾಷರ್ ತೆಗೆದು ಹೊಸದನ್ನು ಹಾಕಿದರು. ಹನ್ನೊಂದು ನಿಮಿಷದ ಕೆಲಸ. ಆಮೇಲೆ ಅರ್ಧ ಗಂಟೆ ಸ್ಟೂಲಿನ ಮೇಲೆ ಕೂತು ಒಣಗಿದ ನಲ್ಲಿಯನ್ನೇ ನೋಡಿದರಂತೆ. ಚಂಪಾ ಅಂದು ಸಂತೋಷಕ್ಕೆ ನೀರ್‌ದೋಸೆ ಮಾಡಿದರು. ಮನುಷ್ಯ ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಹಳೆಯ ವಾಷರಿನ ಫೋಟೋ ತೆಗೆದು, ‘ಸ್ವಂತ ಕೈಯಿಂದ’ ಎಂದು ಬರೆದು ಸೊಸೈಟಿಯ ವಾಟ್ಸಾಪ್ ಗ್ರೂಪಿಗೆ ಹಾಕಿಬಿಟ್ಟರು. ಐದು ನಿಮಿಷದಲ್ಲಿ ಕಾರ್ಯದರ್ಶಿ ತಾರಾನಾಥರಿಂದ ಆಫೀಸಿಗೆ ಬರುವಂತೆ ಕರೆ ಹೋಯಿತು.

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮ ಊರಿನಲ್ಲಿ ಹಳೆಯ ಕಟ್ಟಡ ಅಪಾಯಕಾರಿ ಎಂದು ಇಂಜಿನಿಯರು ಬರೆದುಕೊಟ್ಟರೆ ಸಾಕು, ಬಿಲ್ಡರ್ ಅದನ್ನು ಕೆಡವಿ, ದೊಡ್ಡದಾಗಿ ಕಟ್ಟಿ, ಒಂದು ಬೆಡ್‌ರೂಮ್ ಇದ್ದವರಿಗೆ ಎರಡು ಕೊಡುತ್ತಾನೆ. ಇದಕ್ಕೆ ರೀಡೆವಲಪ್‌ಮೆಂಟ್ ಎನ್ನುತ್ತಾರೆ. ದುರದೃಷ್ಟವಶಾತ್ ನಮ್ಮ ಕಟ್ಟಡ ಗಟ್ಟಿಯಾಗಿದೆ. ಐವತ್ತಾರು ಮನೆಗಳಲ್ಲಿ ಹುಡುಕಿ ಹುಡುಕಿ ನಮಗೆ ಸಿಕ್ಕಿದ್ದ ಏಕೈಕ ನ್ಯೂನತೆ ೩೦೪ರ ನಲ್ಲಿ. ಅದರ ಅಧ್ಯಯನಕ್ಕೆ ಐದು ಜನರ ಸೋರಿಕೆ ಉಪಸಮಿತಿ ಇದೆ, ತಿಂಗಳಿಗೊಂದು ಸಭೆ, ಬಟಾಟೆ ವಡೆ. ಇಂಜಿನಿಯರರ ತಪಾಸಣೆಗೆ ಉಳಿದಿದ್ದದ್ದು ಒಂಬತ್ತೇ ದಿನ.

ತಾರಾನಾಥರಿಗೆ ಅಂಬರನಾಥದಲ್ಲಿ ಹೋಟೆಲು. ಗಿರಾಕಿಯ ಮೇಲೆ ದನಿ ಏರಿಸಿ ಅಭ್ಯಾಸವಿಲ್ಲ.

“ಸರ್ವೋತ್ತಮಣ್ಣ, ನಿಮ್ಮ ಒಂದು ವಾಷರಿಂದ ಐವತ್ತಾರು ಮನೆಯ ಬೆಡ್‌ರೂಮ್ ಹೋಯ್ತಲ್ಲ ಮಾರಾಯ್ರೆ” ಎಂದರು.

“ಅದು ನಮ್ಮ ಮನೆಯ ನಲ್ಲಿ.”

“ನಲ್ಲಿ ನಿಮ್ಮದೇ, ಯಾರು ಇಲ್ಲ ಅಂದ್ರು? ಸೋರಿಕೆ ಸೊಸೈಟಿದು.”

ನಿಯಮಾವಳಿ ತೆಗೆಸಿ ಓದಿದೆವು. ನಿಯಮ ೧೪(ಬ): ನಲ್ಲಿಯ ಬಾಯಿಯವರೆಗಿನ ನೀರು ಸೊಸೈಟಿಗೆ ಸೇರಿದ್ದು, ಬಕೆಟಿಗೆ ಬಿದ್ದ ನೀರು ಸದಸ್ಯರಿಗೆ ಸೇರಿದ್ದು, ಇವೆರಡರ ನಡುವೆ ಇರುವುದು ಸಾಮೂಹಿಕ ಆಸ್ತಿ. ಈ ನಿಯಮವನ್ನು ಸರ್ವೋತ್ತಮ ಆಫೀಸಿಗೆ ಬರುವಷ್ಟರಲ್ಲಿ ಸೇರಿಸಲಾಗಿತ್ತು. ಅಕ್ಷರ ನನ್ನದೇ.

ಸೋರಿಕೆಯನ್ನು ಯಥಾಸ್ಥಿತಿಗೆ ತರಲು ಪೂವಪ್ಪನನ್ನು ಕರೆಸಿದೆವು. ಅವನಿಗೆ ಬಹಳ ನೋವಾಗಿತ್ತು. “ರಿಪೇರಿ ಯಾರು ಬೇಕಾದ್ರೂ ಮಾಡ್ತಾರೆ ಸರ್. ವಾರ ಬಿಟ್ಟು ಸೋರುವ ಹಾಗೆ ಮಾಡುದುಂಟಲ್ಲ, ಅದಕ್ಕೆ ಅನುಭವ ಬೇಕು” ಎಂದವನು, ಬೇರೆಯವರು ಕೈ ಹಾಕಿದ ನಲ್ಲಿಯನ್ನು ತಾನು ಮುಟ್ಟುವುದಿಲ್ಲ ಎಂದು ಹೊರಟುಹೋದ. ಹೀಗಾಗಿ ಆ ಕೆಲಸವೂ ಸರ್ವೋತ್ತಮರ ಪಾಲಿಗೇ ಬಂತು. ಅವರು ಒಪ್ಪಲಿಲ್ಲ. ಆಗ ತಾರಾನಾಥರು ಹೊಸ ಫ್ಲಾಟಿನ ನಕ್ಷೆಯನ್ನು ಚಂಪಾ ಅವರಿಗೆ ಕಳುಹಿಸಿದರು. ಅದರಲ್ಲಿ ಬಾಲ್ಕನಿ ಇತ್ತು. ಸಂಜೆ ಚಂಪಾ ಅವರೇ ಪಾನಾ ತಂದು ಗಂಡನ ಕೈಯಲ್ಲಿಟ್ಟರಂತೆ.

ಸರ್ವೋತ್ತಮ ಉಪಸಮಿತಿಯ ಎದುರಿನಲ್ಲಿ ತಾವು ಹಾಕಿದ ವಾಷರನ್ನು ತಾವೇ ಕಿತ್ತರು. ಧಾರೆ ಶುರುವಾಯಿತು. ನಾವು ಚಪ್ಪಾಳೆ ತಟ್ಟಿದೆವು. ಅವರ ಕಣ್ಣಲ್ಲಿ ನೀರಿತ್ತು, ನನಗೂ ನಿಜವಾಗಿ ಬೇಸರವಾಯಿತು. ಆದರೆ ನಮ್ಮ ಮನೆಯಲ್ಲೂ ಇರುವುದು ಒಂದೇ ಬೆಡ್‌ರೂಮು.

ಗೊತ್ತುಪಡಿಸಿದ ದಿನ ಇಂಜಿನಿಯರು ಬಂದರು, ಬಚ್ಚಲಿಗೆ ಇಣುಕಿದರು, ತೃಪ್ತರಾದರು. ಆದರೂ ಒಂದೇ ಸೋರಿಕೆಯ ಮೇಲೆ ಇಡೀ ಕಟ್ಟಡವನ್ನು ಅಪಾಯಕಾರಿ ಎನ್ನಲು ತಮ್ಮ ಆತ್ಮಸಾಕ್ಷಿ ಒಪ್ಪದೆಂದೂ, ಕನಿಷ್ಠ ಇಪ್ಪತ್ತೆಂಟು ಮನೆಗಳಾದರೂ ಸೋರಲೇಬೇಕೆಂದೂ ಹೇಳಿದರು. ಮುಂದಿನ ತಿಂಗಳು ಮತ್ತೆ ಬರುವುದಾಗಿ ತಿಳಿಸಿ ವಡೆ ತಿಂದರು.

ನಲ್ಲಿಯ ಒಳಗು ಬಲ್ಲ ಸದಸ್ಯರು ಸೊಸೈಟಿಯಲ್ಲಿ ಒಬ್ಬರೇ ಇದ್ದುದರಿಂದ ಸರ್ವೋತ್ತಮರನ್ನು ಸರ್ವಾನುಮತದಿಂದ ಗೌರವ ಸೋರಿಕೆ ಅಧಿಕಾರಿಯಾಗಿ ನೇಮಿಸಲಾಯಿತು. ಮೊದಲ ಎರಡು ಮನೆಗಳಿಗೆ ಅವರು ತಲೆ ತಗ್ಗಿಸಿಕೊಂಡು ಹೋದರು. ಮೂರನೆಯ ಮನೆಯಲ್ಲಿ ಕಾಫಿ ಕೊಟ್ಟರು. ಐದನೆಯ ಮನೆಯವರು ಅವರನ್ನು ‘ಸರ್’ ಎಂದು ಕರೆದರು. ಆಮೇಲೆ ಅವರ ನಡಿಗೆಯೇ ಬೇರೆ. ಒಬ್ಬೊಬ್ಬರ ಮನೆಯಲ್ಲೂ ಧಾರೆ ಯಾವ ದಪ್ಪ ಇರಬೇಕೆಂದು ಕೇಳಿ ತಿಳಿದು ಮಾಡಿಕೊಡುತ್ತಿದ್ದರು. ಅವರ ಕೈಗುಣ ದೊಡ್ಡದೆಂದು ಎಲ್ಲರೂ ಒಪ್ಪಿದರು. ಮೂವತ್ತೊಂದು ಮನೆಗಳು ಸೋರತೊಡಗಿದವು, ದಿನವೂ ನಾಲ್ಕು ನೀರಿನ ಟ್ಯಾಂಕರು ತರಿಸತೊಡಗಿದೆವು. ಇಂಜಿನಿಯರು ಮತ್ತೆ ಬಂದು ಕಟ್ಟಡ ವಾಸಕ್ಕೆ ಯೋಗ್ಯವಲ್ಲವೆಂದು ಬರೆದುಕೊಟ್ಟ ದಿನ ಪೇಢೆ ಹಂಚಿದೆವು.

ಬಿಲ್ಡರ್ ಇನ್ನೂ ಬಂದಿಲ್ಲ. ಬರುವವರೆಗೆ ಪರಿಸ್ಥಿತಿ ಕೈಮೀರಿ ಸುಧಾರಿಸಬಾರದೆಂದು ಒಂದು ಸುತ್ತೋಲೆ ಹೊರಡಿಸಿದ್ದೇವೆ. ಸೋರಿಕೆ ಕಡಿಮೆಯಾದರೆ ಅಥವಾ ನಿಂತರೆ ಸದಸ್ಯರು ಕೂಡಲೇ ರಿಜಿಸ್ಟರಿನಲ್ಲಿ ದೂರು ಬರೆಯತಕ್ಕದ್ದು. ನಿನ್ನೆ ೩೦೪ರಿಂದ ಚಂಪಾ ಅವರು ಬರೆದಿದ್ದಾರೆ: “ಬೆಳಿಗ್ಗೆಯಿಂದ ನಮ್ಮ ನಲ್ಲಿ ಸೋರುತ್ತಿಲ್ಲ. ಇವರು ಊರವರ ಮನೆಗೆಲ್ಲ ಹೋಗುತ್ತಾರೆ, ನಮ್ಮ ಮನೆಗೆ ಮಾತ್ರ ಪುರುಸೊತ್ತಿಲ್ಲ. ದಯವಿಟ್ಟು ಕಳುಹಿಸಿಕೊಡಿ.”

ದೂರನ್ನು ಸ್ವೀಕರಿಸಲಾಗಿದೆ. ಮಂಗಳವಾರದ ಪಟ್ಟಿಯಲ್ಲಿ ಅವರದು ಆರನೆಯ ಮನೆ.