ಮಸ್ಕಿ ಕಮ್ಮಾರನ ರೈಫಲ್

ಸಿಂಧನೂರಿನಲ್ಲಿ ನನ್ನದು ಬಂದೂಕು ರಿಪೇರಿ ಅಂಗಡಿ. ಸರಕಾರದ ಲೈಸೆನ್ಸ್ ಇದೆ. ನಲವತ್ತು ವರ್ಷವಾಯಿತು. ಇಷ್ಟು ವರ್ಷದಲ್ಲಿ ಯಾವ ಬಂದೂಕಿಗೂ ನಾನು ಹೆದರಿಲ್ಲ. ಬಂದೂಕು ಇಟ್ಟುಕೊಂಡವರ ಮಾತಿಗೆ ಮಾತ್ರ ವಾರಕ್ಕೊಮ್ಮೆಯಾದರೂ ಆ ಕಡೆ ತಿರುಗಿ ನಗಬೇಕಾಗುತ್ತದೆ.

ಈ ವರ್ಷ ಲಿಂಗಸುಗೂರು ಕೋರ್ಟಿನಿಂದ ಸಮನ್ಸ್ ಬಂತು. ಮಸ್ಕಿ ಕಡೆಯ ಒಬ್ಬ ಕಮ್ಮಾರ ಮನೆಯಲ್ಲೇ ರೈಫಲ್ ಮಾಡಿ ಸಿಕ್ಕಿಬಿದ್ದಿದ್ದ. ಅದು ಬಂದೂಕು ಹೌದೋ ಅಲ್ಲವೋ ನಾನು ಹೇಳಬೇಕು. ಹೌದು ಅಂದರೆ ಅವನು ಜೈಲಿಗೆ. ಅಲ್ಲ ಅಂದರೆ ಮನೆಗೆ. ಆ ಸಂಗತಿ ಕಡೆಗೆ ಹೇಳುತ್ತೇನೆ. ಮೊದಲು ಕಾರ್ಖಾನೆ ಮಾಲಿನ ಗತಿ ಕೇಳಿ. ಕಮ್ಮಾರನೊಬ್ಬನನ್ನೇ ನೋಡಿ ನಕ್ಕರೆ ಅನ್ಯಾಯವಾದೀತು.

೧. ಪೂಜೆಯಾದ ಮೇಲೆ

ಅಕ್ಕಿ ಮಿಲ್ಲಿನ ಸಾಹುಕಾರರೊಬ್ಬರು ದಢೇಸುಗೂರಿನ ಗದ್ದೆಗೆ ಬರುವ ಹಂದಿಗೆಂದು ಹೊಸ ರೈಫಲ್ ಕೊಂಡರು. ಕಾರ್ಖಾನೆಯದು. ಆಯುಧ ಪೂಜೆ ಮುಗಿದ ವಾರಕ್ಕೆ ಅದನ್ನು ಹಾಸಿಗೆ ಚಾದರದಲ್ಲಿ ಸುತ್ತಿಕೊಂಡು ಬಂದರು.

"ಮಿಸ್ತ್ರಿ, ಇದು ಡುಪ್ಲಿಕೇಟ್ ಮಾಲು ಐತ್ರಿ. ಫ್ಯಾಕ್ಟರಿಯವರು ಮೋಸ ಮಾಡ್ಯಾರ. ಕುದುರಿ ಎಳದ್ರ ಟಿಕ್ ಸುದ್ದಾ ಅನ್ನಂಗಿಲ್ಲ."

ಬಿಚ್ಚಿದೆ. ಸಂದಿಸಂದಿಯಲ್ಲಿ ಕುಂಕುಮ, ವಿಭೂತಿ. ಸ್ಪ್ರಿಂಗಿನ ಸುತ್ತ ತೆಂಗಿನಕಾಯಿ ನೀರು ಒಣಗಿ ಅಂಟಾಗಿತ್ತು. ನಳಿಗೆಯೊಳಗಿಂದ ಒಂದು ಚೆಂಡುಹೂವು ಬಂತು. ಅದರ ಹಿಂದೆ ಅರ್ಧ ಸುಟ್ಟ ಊದಿನಕಡ್ಡಿ.

"ಇದೇನ್ರಿ ಸಾಹುಕಾರ್ರ?"

"ಪೂಜಾ ಮಾಡೀನಿ. ಕಡ್ಡಿ ಸಿಗಸಾಕ ಬ್ಯಾರೆ ತೂತು ಎಲ್ಲಿತ್ತು?"

ರೈಫಲ್ಲಿನ ಮೇಲೆ ಕಂಪನಿಯ ಪ್ಲಾಸ್ಟಿಕ್ ಹಾಳೆ ಇನ್ನೂ ಹಾಗೇ ಇತ್ತು. ಕಿತ್ತುಹಾಕಲು ಹೋದೆ. ಕೈ ಹಿಡಿದರು.

"ಅದನ್ನ ಬಿಡ್ರಿ. ಹೊಸಾದು ಅಂತ ಗೊತ್ತಾಗಬೇಕು."

"ಯಾರಿಗ್ರಿ? ಹಂದಿಗೇನು?"

೨. ಇಂಗ್ಲೆಂಡ್ ಮಾಲು

ಗೊರೇಬಾಳ ಕಡೆಯ ಗೌಡರೊಬ್ಬರ ಹತ್ತಿರ ಅವರ ಅಜ್ಜನ ರೈಫಲ್ ಇದೆ. ಎರಡು ವರ್ಷಕ್ಕೊಮ್ಮೆ ಎಣ್ಣೆ ಹಾಕಿಸಲು ತರುತ್ತಾರೆ. ಅಂಗಡಿಯಲ್ಲಿ ಯಾರಿದ್ದರೂ ಅದರ ವರ್ಣನೆ ಕೇಳಲೇಬೇಕು. ಆ ದಿನ ಹೊಸದಾಗಿ ಲೈಸೆನ್ಸ್ ಸಿಕ್ಕ ಒಬ್ಬ ರೈತ, ಯಾವ ಬಂದೂಕು ಕೊಳ್ಳಬೇಕೆಂದು ನನ್ನನ್ನು ಕೇಳುತ್ತ ಕೂತಿದ್ದ.

"ಕೊಂಡ್ರ ಇಂಥಾದ್ದು ಕೊಳ್ಳಪ್ಪ," ಅಂದರು ಗೌಡರು. "ನಮ್ಮ ಮುತ್ಯಾನ ಕಾಲದ್ದು. ಇಂಗ್ಲೆಂಡ್ ಫ್ಯಾಕ್ಟರಿ. ಅವತ್ತ ಹೆಂಗಿತ್ತೋ ಇವತ್ತೂ ಹಂಗ ಐತಿ."

ಅದರ ಕಟ್ಟಿಗೆ ಹಿಡಿಯನ್ನು ಗೆದ್ದಲು ತಿಂದಾಗ ಸಾಗವಾನಿಯಲ್ಲಿ ಹೊಸದು ಮಾಡಿದವನು ನಾನು. ಕುದುರೆ ಎರಡು ಸಲ ಬದಲಾಗಿದೆ. ಸ್ಪ್ರಿಂಗ್ ಮೂರು ಸಲ. ನಳಿಗೆ ಗೌಡರ ತಂದೆ ಹೈದರಾಬಾದಿನಿಂದ ತರಿಸಿ ಹಾಕಿಸಿದ್ದು. ಸ್ಕ್ರೂ ಎಲ್ಲ ನಮ್ಮ ಬಜಾರಿನವು. ಇಂಗ್ಲೆಂಡಿನದು ಅಂತ ಉಳಿದದ್ದು ಕಂಪನಿ ಹೆಸರು ಕೊರೆದ ಒಂದು ಹಿತ್ತಾಳೆ ಚೂರು. ಅದೂ ಉದುರಿತ್ತು, ಅಂಟು ಹಚ್ಚಿ ಕೂಡಿಸಿದ್ದೆ.

"ನಮ್ಮ ಮಂದಿ ಕೈಲೆ ಇಂಥಾ ಕೆಲಸ ಆಗತೈತೇನ್ರಿ ಮಿಸ್ತ್ರಿ?"

"ಎಲ್ಲಿ ಆಗತೈತ್ರಿ ಗೌಡ್ರ."

ಹೋಗುವಾಗ ನನ್ನ ಹತ್ತಿರವೇ ಹೊಸ ಚರ್ಮದ ಪಟ್ಟಿ ಹಾಕಿಸಿಕೊಂಡು ಹೋದರು. ಮುಂದಿನ ಸಲ ಬರುವಷ್ಟರಲ್ಲಿ ಅದೂ ಇಂಗ್ಲೆಂಡಿನದಾಗಿತ್ತು.

೩. ಗಾರ್ಡು

ಒಂದು ಬ್ಯಾಂಕಿನ ಗಾರ್ಡು ತನ್ನ ಜೋಡು ನಳಿಗೆ ಬಂದೂಕನ್ನು ತಪಾಸಣೆಗೆ ತಂದ.

"ಫ್ಯಾಕ್ಟರಿ ಮಾಲು ಅಂದ್ರ ಹಿಂಗಿರಬೇಕ್ರಿ. ಹನ್ನೊಂದು ವರ್ಷ ಆತು, ಒಂದು ತಕರಾರಿಲ್ಲ."

"ಎಷ್ಟು ಸಲ ಹಾರಿಸೀಯಪ್ಪ?"

"ಒಂದ್ ಸಲಾನೂ ಇಲ್ಲರಿ."

"ತಗದರ ನೋಡೀಯೇನು?"

"ಯಾಕ ತಗೀಲಿ? ಕೆಡತೈತಿ."

ತೆಗೆದೆ. ಎರಡೂ ನಳಿಗೆಯಲ್ಲಿ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿತ್ತು. ಕಡ್ಡಿ ಹಾಕಿ ತಿವಿಯಲು ಹೋದರೆ ಗಾರ್ಡು ಅಡ್ಡ ಬಂದ.

"ಸಾವಕಾಶರಿ. ಕುಂಬಾರ ಹುಳ ಗೂಡು ಕಟ್ಟಿದ್ರ ಮನ್ಯಾಗ ತೊಟ್ಟಲ ತೂಗತೈತಿ ಅಂತಾರ. ನಮ್ಮ ಸೊಸಿಗೆ ಮೂರು ವರ್ಷದಿಂದ ಕಾಯಾಕತ್ತೀವಿ."

ಮಣ್ಣನ್ನು ಒಂದು ಚೂರೂ ಚೆಲ್ಲದಂತೆ ಕರವಸ್ತ್ರದಲ್ಲಿ ಕಟ್ಟಿಕೊಂಡು ಹೋದ. ಬಂದೂಕು ನೆನಪಾಗಿ ಒಯ್ಯಲು ಬಂದದ್ದು ಮರುದಿನ.

೪. ಲಿಂಗಸುಗೂರು ಕೋರ್ಟು

ಈಗ ಕಮ್ಮಾರ. ಕುಡುಗೋಲು, ಕುಂಟೆ ಮಾಡುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಹೊಲಕ್ಕೆ ಹಂದಿ ಬಿದ್ದವು. ಲೈಸೆನ್ಸ್ ಕೇಳಿದ, ಕೊಡಲಿಲ್ಲ. ತಾನೇ ಒಂದು ಮಾಡಿದ. ಮಾಡಿ ಬಚ್ಚಿಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಚಹದ ಹೋಟೆಲಿಗೆ ತಂದು ಎಲ್ಲರಿಗೂ ತೋರಿಸಿದ. ಪೊಲೀಸರು ಬಂದರು. ಪಂಚನಾಮೆಯಲ್ಲಿ 'ನಾಡ ಬಂದೂಕು' ಎಂದು ಬರೆಯುತ್ತಿದ್ದರೆ ಇವನು ಬಗ್ಗಿ ನೋಡಿ, "ರೈಫಲ್ ಅಂತ ಬರೀರಿ ಸಾಹೇಬ್ರ" ಅಂದನಂತೆ. ಇದನ್ನು ಹೇಳಿದವರು ಅವನ ವಕೀಲರು, ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು.

ಸಾಕ್ಷಿ ಹೇಳಲು ನಿಂತೆ. ಮೇಜಿನ ಮೇಲೆ ಅದು ಇತ್ತು, ಚೀಟಿ ಕಟ್ಟಿಸಿಕೊಂಡು. ತಿರುವಿ ನೋಡಿದೆ. ಕಮ್ಮಾರನ ವಕೀಲರು ಶುರು ಮಾಡಿದರು.

"ನಳಿಗಿ ಹೆಂಗೈತ್ರಿ?"

"ಸೊಟ್ಟ. ಈ ಕಡಿಂದ ನೋಡಿದ್ರ ಆ ಕಡಿ ಕಾಣಂಗಿಲ್ಲ."

"ಕುದುರಿ?"

"ಸೈಕಲ್ ಬ್ರೇಕಿಂದು. ಒಮ್ಮೆ ಎಳದ್ರ ವಾಪಸ್ ಬರಂಗಿಲ್ಲ."

"ಹಿಡಿ?"

"ಮಲಗೋ ಹೊರಸಿನ ಕಾಲು."

"ಸ್ಪ್ರಿಂಗು?"

"ಬಾಲ್ ಪೆನ್ನಿಂದು ಇರಬೇಕು."

"ಒಟ್ಟಿನಾಗ, ಇದು ಹಾರತೈತೇನ್ರಿ?"

"ಎತ್ತಿ ಒಗದ್ರ ಹಾರತೈತಿ."

ಒಂದೊಂದು ಉತ್ತರಕ್ಕೂ ವಕೀಲರ ಮುಖ ಅರಳುತ್ತಿತ್ತು. ಕಟಕಟೆಯಲ್ಲಿದ್ದ ಕಮ್ಮಾರನ ಮುಖ ಕಪ್ಪಿಡುತ್ತಿತ್ತು. ಬಾಗಿಲ ಹತ್ತಿರ ಅವನ ಹೆಂಡತಿ ಕೈಮುಗಿದು ನಿಂತಿದ್ದಳು. ಕೊನೆಯ ಮಾತಿಗೆ ಅವನು ತಡೆದುಕೊಳ್ಳಲಿಲ್ಲ.

"ಸಾಹೇಬ್ರ, ಈ ಮುದುಕ ಸುಳ್ಳು ಹೇಳಾಕತ್ತಾನ."

"ಸುಮ್ನಿರ್ರಿ, ಮನಿಗೆ ಹೋಗೂಣು," ಅಂದಳು ಹೆಂಡತಿ.

"ನೀ ಸುಮ್ನಿರು. ಸಾಹೇಬ್ರ, ಅದು ಪೆನ್ನಿನ ಸ್ಪ್ರಿಂಗ್ ಅಲ್ಲರಿ, ಹೊಲಿಗಿ ಮಷಿನಿಂದು. ನಳಿಗಿ ಸೊಟ್ಟ ಆಗಿದ್ದು ಪೊಲೀಸರ ಕೈಯಾಗ. ಜೀಪಿನಾಗ ಅದರ ಮ್ಯಾಲೇ ಕುಂತು ಬಂದಾರ. ಎಂಟು ದಿನ ನನ್ನ ಕೈಗೆ ಕೊಡ್ರಿ. ಇದ ಕೋರ್ಟಿನಾಗ ಹಾರಿಸಿ ತೋರಸ್ತೀನಿ."

ವಕೀಲರು ಕುಸಿದು ಕೂತರು. ಅಲ್ಲಿಯವರೆಗೆ ತೂಕಡಿಸುತ್ತಿದ್ದ ಸರಕಾರಿ ವಕೀಲರು ಎದ್ದು ನಿಂತರು. ನ್ಯಾಯಾಧೀಶರು ಕನ್ನಡಕ ತೆಗೆದು ನನ್ನನ್ನು ಕೇಳಿದರು: "ಎಂಟು ದಿನ ಕೊಟ್ಟರೆ ಇವರಿಂದ ಆಗುತ್ತದೆಯೇ?"

ಹೆಂಡತಿ ನನ್ನ ಮುಖವನ್ನೇ ನೋಡುತ್ತಿದ್ದಳು.

"ಎಂಟು ವರ್ಷ ಕೊಟ್ಟು ನೋಡ್ರಿ ಸಾಹೇಬ್ರ," ಅಂದೆ. "ಅವಂದು ಕುಂಟಿ ಮಾಡೋ ಕೈ. ಇದ್ರಾಗ ಹಂದಿ ಹೊಡಿಯೂದು ಇರಲಿ, ಮಾವಿನಕಾಯಿ ಕೆಡವಾಕೂ ಬರಂಗಿಲ್ಲ."

ನ್ಯಾಯಾಧೀಶರು ಬಾಯಿಗೆ ಕೈ ಅಡ್ಡ ಹಿಡಿದು ಕೆಮ್ಮಿದರು.

ಹದಿನೈದು ದಿನಕ್ಕೆ ತೀರ್ಪು ಬಂತು. ಕೇಳಲು ನಾನೂ ಹೋಗಿದ್ದೆ. ಈ ವಸ್ತುವನ್ನು ಬಂದೂಕು ಎನ್ನಲಾಗದು ಎಂದು ಅವನನ್ನು ಬಿಟ್ಟರು. ಕೋರ್ಟಿನ ಮುಂದಿನ ಬೇವಿನ ಮರದ ಕೆಳಗೆ ಹೆಂಡತಿ ಎಲ್ಲರಿಗೂ ಪೇಡೆ ಹಂಚಿದಳು. ನನ್ನ ಕಾಲು ಮುಟ್ಟಿದಳು. ಕಮ್ಮಾರ ಪೇಡೆ ಮುಟ್ಟಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ವಕೀಲರನ್ನು ಪಕ್ಕಕ್ಕೆ ಕರೆದ.

"ವಕೀಲ್ರ, ಇದರ ಮ್ಯಾಲೆ ಹೈಕೋರ್ಟಿಗೆ ಅಪೀಲು ಹೋಗಾಕ ಬರತೈತೇನ್ರಿ?"

"ಬಿಟ್ಟಾರಲ್ಲೋ ಮಾರಾಯ. ಇನ್ಯಾಕ ಅಪೀಲು?"

"ಬಿಟ್ಟದ್ದಕ್ಕ ನನ್ನ ತಕರಾರಿಲ್ಲರಿ. ಬಂದೂಕಲ್ಲ ಅಂದಾರಲ್ಲ, ಅದಕ್ಕ."