ನಾಲ್ಕು ಗಂಟೆಯ ಕುರ್ಚಿ

ದರ್ಜಿಗೆ ಬೆಳಗ್ಗೆ ಆರೂವರೆಗೆ ಒಂದು ಸೀನು ಬಂತು. ಬೇರೆ ದಿನವಾಗಿದ್ದರೆ ಮೂಗೊರೆಸಿಕೊಂಡು ಸೂಜಿಗೆ ದಾರ ಪೋಣಿಸುತ್ತಿದ್ದ, ಅಷ್ಟಕ್ಕೆ ಮುಗಿಯುತ್ತಿತ್ತು. ಆದರೆ ಇವತ್ತು ಸಂಜೆ ನಾಲ್ಕಕ್ಕೆ ಅವನು ತನ್ನ ಮಗಳನ್ನು ಮೊದಲ ಸಲ ಎತ್ತಿಕೊಳ್ಳುವವನಿದ್ದ.

ಮಗಳು ಹುಟ್ಟಿ ಇಪ್ಪತ್ತೆರಡು ದಿನವಾಗಿತ್ತು. ಏಳು ವಾರ ಮೊದಲೇ ಹುಟ್ಟಿದ್ದರಿಂದ ಆಸ್ಪತ್ರೆಯ ಶಿಶು ವಾರ್ಡಿನಲ್ಲಿ, ಬೆಚ್ಚಗಿನ ಗಾಜಿನ ಪೆಟ್ಟಿಗೆಯಲ್ಲಿ ಮಲಗಿದ್ದಳು. ಮೊದಲ ವಾರದಲ್ಲೇ ಅವಳ ರಕ್ತಕ್ಕೆ ಸೋಂಕು ತಗುಲಿ, ಹತ್ತು ದಿನ ಇಂಜೆಕ್ಷನ್ ಕೊಟ್ಟು ಉಳಿಸಿಕೊಂಡಿದ್ದರು. ಆ ಹತ್ತು ದಿನ ದರ್ಜಿ ಯಾರ ಅಳತೆ ತೆಗೆದುಕೊಂಡನೋ ಯಾರಿಗೆ ಹೊಲಿದುಕೊಟ್ಟನೋ ಅವನಿಗೇ ಗೊತ್ತಿಲ್ಲ. ಈಗ ಕೂಸು ಗೆದ್ದಿತ್ತು. ಅಪ್ಪ ಅಂಗಿ ಬಿಚ್ಚಿ, ಬರಿ ಎದೆಗೆ ಮಗುವನ್ನು ಒರಗಿಸಿಕೊಂಡು ಒಂದು ಗಂಟೆ ಕೂರಬಹುದು ಎಂದು ಡಾಕ್ಟರಮ್ಮ ಹೇಳಿದ್ದರು. ಅದಕ್ಕೆಂದೇ ವಾರ್ಡಿನಲ್ಲಿ ಒಂದು ಒರಗು ಕುರ್ಚಿ ಇತ್ತು. ಅದು ಒಂದೇ ಇದ್ದದ್ದರಿಂದ ಸರದಿ ಬರೆಸಬೇಕಿತ್ತು, ನಾಲ್ಕು ಗಂಟೆಯ ಸರದಿಗೆ ದರ್ಜಿಯ ಹೆಸರು ಬಿದ್ದಿತ್ತು.

ವಾರ್ಡಿನ ಬಾಗಿಲಿಗೆ ಒಂದು ಬೋರ್ಡು ತೂಗುಹಾಕಿದ್ದರು. ಇಂಥಿಂಥ ತೊಂದರೆ ಇದ್ದವರು ಒಳಗೆ ಬರಬಾರದು ಎಂಬ ಐದು ಸಾಲಿನ ಪಟ್ಟಿ. ಮೊದಲ ಸಾಲಿನಲ್ಲೇ ನೆಗಡಿ ಎಂದಿತ್ತು. ಉಳಿದ ನಾಲ್ಕನ್ನು ಓದುವ ತಾಳ್ಮೆ ದರ್ಜಿಗೆ ಇರಲಿಲ್ಲ.

ಆರೂವರೆಯ ಸೀನಿನ ಬೆನ್ನಿಗೇ ಇನ್ನೆರಡು ಬಂದವು. ಅಡುಗೆಮನೆಯಿಂದ ಅತ್ತೆ ಓಡಿಬಂದರು. ಮಗಳ ಬಾಣಂತನಕ್ಕೆ ಬಂದಿದ್ದ ಅವರಿಗೆ, ಮಗಳೂ ಮೊಮ್ಮಗಳೂ ಆಸ್ಪತ್ರೆಯಲ್ಲೇ ಉಳಿದದ್ದರಿಂದ, ಆರೈಕೆ ಮಾಡಲು ಅಳಿಯನೊಬ್ಬನೇ ಸಿಕ್ಕಿದ್ದ. ಅವರು ಒಂದು ತಗಡಿನ ಡಬ್ಬಿ ತಂದು ಮೇಜಿನ ಮೇಲೆ ಬೋರಲು ಹಾಕಿದರು. ಒಂದು ಸಂಸಾರದ ನಾಲ್ಕು ವರ್ಷದ ಕಾಯಿಲೆಗಳೆಲ್ಲ ಅರ್ಧರ್ಧ ಹಾಳೆಯ ಮಾತ್ರೆಗಳಾಗಿ ಉದುರಿದವು. ಅತ್ತೆಯ ಪದ್ಧತಿ ಸರಳವಾಗಿತ್ತು. ಡಾಕ್ಟರು ಐದು ದಿನಕ್ಕೆ ಬರೆದುಕೊಟ್ಟರೆ ಎರಡು ದಿನ ನುಂಗುವುದು, ಗುಣವಾದ ಕೂಡಲೇ ನಿಲ್ಲಿಸುವುದು, ಉಳಿದದ್ದನ್ನು ಮನೆಯವರಿಗಾಗಿ ಎತ್ತಿಡುವುದು.

“ಇದು ನನಗೆ ಗಂಟಲು ಕಟ್ಟಿದಾಗ ಕೊಟ್ಟಿದ್ದು ಅಳಿಯಂದಿರೇ. ಎರಡರಲ್ಲೇ ಬಿಟ್ಟುಹೋಯ್ತು. ಮೂಗು, ಗಂಟಲು ಎಲ್ಲ ಅಕ್ಕಪಕ್ಕದವೇ ತಾನೇ. ನುಂಗಿ, ಸಂಜೆಯೊಳಗೆ ಸೀನು ಅಂದರೇನು ಅಂತ ಮರೆತುಹೋಗುತ್ತೆ” ಎಂದರು.

ಸಂಜೆ ನಾಲ್ಕರ ಹೆದರಿಕೆಗೆ ದರ್ಜಿ ಖಾಲಿ ಹೊಟ್ಟೆಯಲ್ಲೇ ಅದನ್ನು ನುಂಗಿದ. ಹೆಬ್ಬೆರಳಿನಷ್ಟು ದಪ್ಪವಿದ್ದ ಮಾತ್ರೆ ಗಂಟಲಲ್ಲಿ ಒಂದು ಕ್ಷಣ ನಿಂತು, ಯೋಚಿಸಿ, ಕೆಳಗಿಳಿಯಿತು.

ಮೆಟ್ಟಿಲಿಳಿಯುವಾಗ ನಾಲ್ಕನೆಯ ಸೀನು ಬಂತು. ಕೆಳಗಿನ ಮನೆಯ ಮೇಷ್ಟ್ರು ಬಾಗಿಲು ತೆರೆದರು. ನಿವೃತ್ತರಾದ ಮೇಲೆ ಅವರಿಗೆ ಪಾಠ ಹೇಳಲು ಯಾರೂ ಸಿಗುತ್ತಿರಲಿಲ್ಲ, ಸಿಕ್ಕವರನ್ನು ಬಿಡುತ್ತಿರಲಿಲ್ಲ. ಅತ್ತೆ ಕೊಟ್ಟ ಮಾತ್ರೆಯ ಹೆಸರು ಕೇಳಿ ಅವರು ನಕ್ಕರು. ಅದು ಹಳೇ ಕಾಲದ್ದು, ಈಗಿನ ಕ್ರಿಮಿಗಳು ಅದಕ್ಕೆಲ್ಲ ಸೊಪ್ಪು ಹಾಕುವುದಿಲ್ಲ ಎಂದು ಹತ್ತು ನಿಮಿಷ ವಿವರಿಸಿ, ಕನ್ನಡಕದ ಪೆಟ್ಟಿಗೆಯಿಂದ ಒಂದು ಹಳದಿ ಮಾತ್ರೆ ತೆಗೆದರು. ಹೋದ ವರ್ಷ ಮೂತ್ರದ ತೊಂದರೆಯಾದಾಗ ಅವರಿಗೆ ಬರೆದುಕೊಟ್ಟದ್ದಂತೆ. ಮೂತ್ರಕ್ಕೂ ಮೂಗಿಗೂ ಏನು ಸಂಬಂಧ ಎಂದು ಕೇಳಬೇಕೆನಿಸಿದರೂ, ಕೇಳಿದರೆ ಇನ್ನೊಂದು ಪಾಠ ಶುರುವಾಗುತ್ತದೆಂದು ಹೆದರಿ ದರ್ಜಿ ಅದನ್ನೂ ನುಂಗಿದ.

ಅಂಗಡಿಯಲ್ಲಿ ಅವನಿಗೆ ಒಂದೇ ಕೆಲಸವಿತ್ತು. ಶಿಶು ವಾರ್ಡಿನಲ್ಲಿ ಒಟ್ಟು ಹದಿನಾಲ್ಕು ಕೂಸುಗಳಿದ್ದವು. ತನ್ನ ಮಗಳನ್ನು ಉಳಿಸಿಕೊಟ್ಟ ಆ ಜಾಗಕ್ಕೆ ಏನಾದರೂ ಕೊಡಬೇಕು ಎಂದು ಒದ್ದಾಡಿ, ಕೊನೆಗೆ ತನಗೆ ಬರುವ ವಿದ್ಯೆಯಲ್ಲೇ ಕೊಡೋಣವೆಂದು ಅವನು ಮೂರು ದಿನದಿಂದ ಹಗಲು ಅಂಗಡಿಯಲ್ಲೂ ರಾತ್ರಿ ಮನೆಯಲ್ಲೂ ಮೆತ್ತನೆಯ ಫ್ಲಾನೆಲ್ ಬಟ್ಟೆ ಕತ್ತರಿಸಿ ಹದಿನಾಲ್ಕು ಟೋಪಿ ಹೊಲಿದಿದ್ದ. ನಿಂಬೆಹಣ್ಣಿಗೆ ತೊಡಿಸುವಂಥ ಟೋಪಿಗಳು. ಅವನ್ನು ಕೊಡವಿ, ಮಡಿಸಿ, ಗಂಟು ಕಟ್ಟುವಷ್ಟರಲ್ಲಿ ಸಾಲಾಗಿ ಏಳು ಸೀನು ಬಂದು ಕಣ್ಣೆಲ್ಲ ನೀರಾಯಿತು.

ಪಕ್ಕದಂಗಡಿಯ ಇಸ್ತ್ರಿಯವನು ಕಾದ ಪೆಟ್ಟಿಗೆ ಪಕ್ಕಕ್ಕಿಟ್ಟು ಬಂದ. ಅವನು ಜಾಸ್ತಿ ಮಾತಿನವನಲ್ಲ. ತನಗೆ ದವಡೆ ಊದಿದಾಗ ತಂದಿದ್ದ ಕೆಂಪು ಕಪ್ಪು ಕ್ಯಾಪ್ಸೂಲನ್ನು ಅಂಗೈಯಲ್ಲಿಟ್ಟು, ನೀರಿನ ಲೋಟ ಕೈಗೆ ಕೊಟ್ಟು, ನುಂಗುವ ತನಕ ಎದುರಿಗೇ ನಿಂತ. ಹೀಗೆ ಹನ್ನೊಂದು ಗಂಟೆಯ ಹೊತ್ತಿಗೆ ದರ್ಜಿಯ ಹೊಟ್ಟೆಯಲ್ಲಿ ಗಂಟಲು, ಮೂತ್ರ, ದವಡೆ ಮೂರರ ಔಷಧವೂ ಸೇರಿಕೊಂಡಿತ್ತು.

ವಿಚಿತ್ರವೆಂದರೆ, ಬಸ್ಸು ಹತ್ತಿದ ಮೇಲೆ ಒಂದೂ ಸೀನು ಬರಲಿಲ್ಲ. ಮಧ್ಯಾಹ್ನದವರೆಗೂ ಬರಲಿಲ್ಲ. ದರ್ಜಿ ಮೂವರಿಗೂ ಮನಸ್ಸಿನಲ್ಲೇ ಕೈಮುಗಿದ, ಮೂರರಲ್ಲಿ ಯಾವುದು ನಾಟಿತೋ ಗೊತ್ತಿಲ್ಲದ್ದರಿಂದ ಮೂವರಿಗೂ ಸಮನಾಗಿ ಮುಗಿದ.

ಶಿಶು ವಾರ್ಡಿನ ಬಾಗಿಲು ಕಾಯುತ್ತಿದ್ದವರು ಹಿರಿಯ ನರ್ಸ್. ಅಪ್ಪಂದಿರೆಲ್ಲ ಸೇರಿ ಅವರಿಗೆ ಗಜಕಡ್ಡಿ ಎಂದು ಹೆಸರಿಟ್ಟಿದ್ದರು. ನೆಟ್ಟಗೆ ನಿಲ್ಲುತ್ತಿದ್ದರು, ಯಾರನ್ನಾದರೂ ಅಳೆದೇ ಒಳಗೆ ಬಿಡುತ್ತಿದ್ದರು, ಒಂದಿಂಚೂ ಬಾಗುತ್ತಿರಲಿಲ್ಲ. ಹೋದ ವಾರ ದೊಡ್ಡ ಡಾಕ್ಟರೊಬ್ಬರು ಕೈಗಡಿಯಾರ ಬಿಚ್ಚದೆ ಒಳಗೆ ಹೊರಟಾಗ ಅವರನ್ನೂ ತಡೆದು ಕೈ ತೊಳೆಸಿದ್ದರಂತೆ. ದರ್ಜಿ ಅವರ ಮುಂದೆ ಹೆಮ್ಮೆಯಿಂದ ಗಂಟು ಬಿಚ್ಚಿ, ಟೋಪಿಯೊಂದನ್ನು ಎತ್ತಿ ಕೊಡವಿದ. ಕೊಡವಿದ್ದೇ ತಡ, ಐದು ಸೀನು ಸಾಲಾಗಿ ಹೊರಬಿದ್ದವು.

ನರ್ಸ್ ಒಂದೇ ಹೆಜ್ಜೆಗೆ ಬಾಗಿಲಿಗೆ ಅಡ್ಡ ನಿಂತರು. ಅವರು ಬೈಯಲಿಲ್ಲ, ಒಂದು ಮಾಸ್ಕ್ ಕೊಟ್ಟು, ಡಾಕ್ಟರಮ್ಮನ ಕೋಣೆ ತೋರಿಸಿದರು.

ಡಾಕ್ಟರಮ್ಮ ಮೂಗಿನೊಳಗೆ ಬೆಳಕು ಬಿಟ್ಟು ನೋಡಿದರು, ಗಂಟಲು ನೋಡಿದರು, ಜ್ವರ ನೋಡಿದರು. ಯಾವಾಗ ಸೀನು ಬರುತ್ತದೆ, ಯಾವಾಗ ನಿಲ್ಲುತ್ತದೆ ಎಂದು ವಿಚಾರಿಸಿದರು. ಆಮೇಲೆ ಅವನ ತೋಳಿಗಂಟಿದ್ದ ಬಿಳಿ ಜುಂಗನ್ನು ಬೆರಳಲ್ಲಿ ತೆಗೆದು ತೋರಿಸಿ ನಕ್ಕರು. ನೆಗಡಿಯೂ ಇಲ್ಲ, ಸೋಂಕೂ ಇಲ್ಲ, ಫ್ಲಾನೆಲಿನ ಧೂಳು ಮೂಗಿಗೆ ಹೋಗಿ ಅಲರ್ಜಿಯಾಗಿದೆ ಅಷ್ಟೇ ಎಂದರು. ಟೋಪಿಗಳನ್ನು ಬಿಸಿನೀರಲ್ಲಿ ಒಗೆಸಿ ಮಕ್ಕಳಿಗೆ ಹಾಕುತ್ತೇವೆ, ನೀವು ಸ್ನಾನ ಮಾಡಿ ಬಟ್ಟೆ ಬದಲಿಸಿ ನಾಲ್ಕಕ್ಕೆ ಬನ್ನಿ ಎಂದೂ ಹೇಳಿದರು. ದರ್ಜಿಗೆ ಅವರ ಕಾಲಿಗೆ ಬೀಳಬೇಕೆನಿಸಿತು.

ಅಲ್ಲಿಗೆ ಸುಮ್ಮನೆ ಎದ್ದು ಬಂದಿದ್ದರೆ ಆಗುತ್ತಿತ್ತು. ಏನಾದರೂ ಔಷಧ ತಗೊಂಡಿರಾ ಎಂದು ಅವರು ಕೇಳಿದಾಗ, ತನ್ನ ಶ್ರದ್ಧೆ ಅವರಿಗೂ ತಿಳಿಯಲಿ ಎಂದು ದರ್ಜಿ ಮೂರೂ ಮಾತ್ರೆಗಳ ಕತೆಯನ್ನು ವಿವರವಾಗಿ ಹೇಳಿದ. ಡಾಕ್ಟರಮ್ಮನ ನಗು ಮೆಲ್ಲಗೆ ಇಳಿಯಿತು.

“ಮೂರೂ ಆ್ಯಂಟಿಬಯಾಟಿಕ್. ಧೂಳಿಗೆ ಅದು ಯಾವುದೂ ಕೆಲಸ ಮಾಡಲ್ಲ” ಎಂದರು. “ನಿಮ್ಮ ಮಗಳಿಗೆ ಇಂಜೆಕ್ಷನ್ ಹಿಡಿದದ್ದು ಯಾಕೆ ಗೊತ್ತಾ? ಅವಳಿಗೆ ತಗುಲಿದ ಕ್ರಿಮಿ ಇನ್ನೂ ಆ ಔಷಧಕ್ಕೆ ಪಳಗಿರಲಿಲ್ಲ. ನಾವು ಸೀನಿಗೊಂದು, ಕೆಮ್ಮಿಗೊಂದು ಅಂತ ನುಂಗ್ತಾ ಹೋದರೆ ಪಳಗಿಬಿಡುತ್ತವೆ. ಆಮೇಲೆ ಇಂಥದೇ ಇನ್ನೊಂದು ಮಗು ಬಂದಾಗ ನನ್ನ ಕೈಯಲ್ಲಿ ಏನೂ ಇರಲ್ಲ.”

ದರ್ಜಿ ತಲೆ ತಗ್ಗಿಸಿದ. ಆ ಹತ್ತು ದಿನ ಅವನಿಗೆ ನೆನಪಾಯಿತು, ವಾರ್ಡಿನ ಹೊರಗೆ ತಾನು ಕೂತಿದ್ದ ಬೆಂಚಿನ ಮೇಲೆ ಇನ್ಯಾವನೋ ಅಪ್ಪ ಕೂತದ್ದೂ ಕಣ್ಣಿಗೆ ಕಟ್ಟಿತು. ಇನ್ನು ಮುಂದೆ ನೀವು ಬರೆದುಕೊಡದ ಮಾತ್ರೆಯನ್ನು ಮುಟ್ಟುವುದಿಲ್ಲ ಎಂದು ಅವನು ಮನಸಾರೆ ಹೇಳಿದ. ಅಷ್ಟೊತ್ತಿಗೆ ಊಟದ ಡಬ್ಬಿ ಹಿಡಿದು ಬಂದಿದ್ದ ಅತ್ತೆ, ಬಾಗಿಲ ಬಳಿ ನಿಂತು ಎಲ್ಲವನ್ನೂ ಗಮನವಿಟ್ಟು ಕೇಳುತ್ತಿದ್ದರು.

ಮೂರೂವರೆಗೆ ದರ್ಜಿ ಮಿಂದು, ಒಗೆದ ಅಂಗಿ ತೊಟ್ಟು, ಕೈ ತೊಳೆಯುವ ತೊಟ್ಟಿಯ ಮುಂದೆ ನಿಂತ. ಉಂಗುರ ಬಿಚ್ಚಿಸಿದರು, ಉಗುರು ಕತ್ತರಿಸಿದರು, ಮೊಣಕೈ ತನಕ ತೋಳು ಮಡಿಸಿದರು. ಬೆರಳ ಸಂದಿ, ಹೆಬ್ಬೆರಳು, ಉಗುರ ತುದಿ, ಮಣಿಕಟ್ಟು ಎಂದು ನರ್ಸ್ ಹೇಳಿಕೊಟ್ಟ ಹಾಗೆ ಉಜ್ಜಿದ. ಮೊದಲ ಸಲ ಚೆನ್ನಾಗಿಯೇ ತೊಳೆದು, ಆ ತೊಳೆದ ಕೈಯಲ್ಲೇ ನಲ್ಲಿ ತಿರುಗಿಸಿ ನಿಲ್ಲಿಸಿದ. ಅದು ಹೋಯಿತು. ಎರಡನೆಯ ಸಲ ಮೊಣಕೈಯಿಂದ ನಲ್ಲಿ ನಿಲ್ಲಿಸಿ, ಆ ಸಂತೋಷಕ್ಕೆ ಮಾಸ್ಕ್ ಸರಿಮಾಡಿಕೊಂಡ. ಅದೂ ಹೋಯಿತು. ಮೂರನೆಯ ಸಲ ಎಲ್ಲ ಸರಿಯಾಯಿತು ಅನ್ನುವಾಗ ಫೋನು ಬಡಿದುಕೊಂಡಿತು. ಸೀನು ನಿಂತಿತೇ ಎಂದು ಮೇಷ್ಟ್ರು ವಿಚಾರಿಸುತ್ತಿದ್ದರು. ನರ್ಸ್ ಮತ್ತೆ ಸೋಪಿನ ಕಡೆ ಬೆರಳು ತೋರಿಸಿದರು.

ನಾಲ್ಕನೆಯ ಸಲ ಪಾಸಾಗಿ, ಹಸಿರು ಗೌನು ತೊಟ್ಟು, ಕೈಗಳನ್ನು ಎದೆಯ ಮುಂದೆ ಎತ್ತಿ ಹಿಡಿದು ನಿಂತಾಗ ನಾಲ್ಕಕ್ಕೆ ಹತ್ತು ನಿಮಿಷವಿತ್ತು. ಗಾಜಿನ ಆಚೆ ಮಗಳು ಕಾಣುತ್ತಿದ್ದಳು. ಪಕ್ಕದಲ್ಲೇ ಖಾಲಿ ಕುರ್ಚಿ ಅವನಿಗಾಗಿ ಕಾದಿತ್ತು.

ಆಗಲೇ ದರ್ಜಿಯ ಹೊಟ್ಟೆಯೊಳಗೆ ಹೊಲಿಗೆಯಂತ್ರ ತಿರುಗಿದ ಹಾಗೆ ಗುಡುಗುಡು ಅಂದಿತು. ಗಂಟಲು, ಮೂತ್ರ, ದವಡೆ ಮೂರೂ ಒಳಗೆ ಜಗಳಕ್ಕೆ ನಿಂತಿದ್ದವು. ಅವನು ಗೌನು ಕಳಚಿ ಹಾಕಿ ಕಾರಿಡಾರಿನ ಕೊನೆಗೆ ಓಡಿದ. ಬಂದ, ಮತ್ತೆ ಓಡಿದ. ಮೂರನೆಯ ಸಲ ಹೋಗಿಬಂದು ಸೋಪಿನಲ್ಲಿ ಕೈ ತೊಳೆದು ನಿಂತಾಗ ಬೆವರು ಕಿತ್ತುಕೊಂಡಿತ್ತು, ಆದರೂ ಹೊಟ್ಟೆ ತಣ್ಣಗಾಗಿತ್ತು. ಗಡಿಯಾರದಲ್ಲಿ ಸರಿಯಾಗಿ ನಾಲ್ಕು. ಒಳಗೆ ಹೋಗಿದ್ದ ನರ್ಸ್ ಇದು ಯಾವುದನ್ನೂ ನೋಡಿರಲಿಲ್ಲ.

ಅವರು ಬಾಗಿಲಿಗೆ ಬಂದು, ಎಲ್ಲರಿಗೂ ಕೇಳುವ ಹಾಗೆ ಕೇಳಿದರು. ಜ್ವರ ಇದೆಯೇ, ಕೆಮ್ಮು ಇದೆಯೇ, ವಾಂತಿ ಆಗಿದೆಯೇ. ದರ್ಜಿ ಇಲ್ಲ ಇಲ್ಲ ಎಂದು ತಲೆಯಾಡಿಸುತ್ತ ಹೋದ.

“ಭೇದಿ?”

ಇಲ್ಲ ಎನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಇಪ್ಪತ್ತೆರಡು ದಿನ ಕಾದಿದ್ದಾನೆ. ಇದು ಮಾತ್ರೆಯ ಕಿತಾಪತಿ, ರೋಗವಲ್ಲ ಎಂದು ಅವನ ಮನಸ್ಸು ಒಳ್ಳೆ ವಕೀಲನ ಹಾಗೆ ವಾದಿಸಿತು. ದರ್ಜಿ ಗಾಜಿನ ಕಡೆ ನೋಡಿದ. ಒಳಗೆ ಹದಿನಾಲ್ಕು ಪೆಟ್ಟಿಗೆಗಳಿದ್ದವು. ಒಂದರಲ್ಲಿ ಅವನ ಮಗಳಿದ್ದಳು, ಹದಿಮೂರರಲ್ಲಿ ಬೇರೆಯವರ ಮಕ್ಕಳಿದ್ದವು.

“ಮೂರು ಸಲ ಆಯ್ತು ಸಿಸ್ಟರ್” ಎಂದ.

ನರ್ಸ್ ತಮ್ಮ ಹಿಂದಿದ್ದ ಬಾಗಿಲನ್ನು ಎಳೆದು ಮುಚ್ಚಿದರು. “ನೀವು ನುಂಗಿದ ಮಾತ್ರೆಗಳ ಕತೆ ಡಾಕ್ಟರಮ್ಮ ಹೇಳಿದರು, ಅದರಿಂದಲೇ ಇರಬಹುದು. ಆದರೆ ಖಾತ್ರಿಯಿಲ್ಲ, ನಾನು ಒಳಗೆ ಬಿಡೋ ಹಾಗಿಲ್ಲ. ಭೇದಿ ನಿಂತು ಪೂರ್ತಿ ಎರಡು ದಿನ ಆಗಬೇಕು” ಎಂದರು. ಆಮೇಲೆ ದನಿ ತಗ್ಗಿಸಿ ಹೇಳಿದರು, “ಇಪ್ಪತ್ತು ವರ್ಷದಿಂದ ಈ ಪ್ರಶ್ನೆ ಕೇಳ್ತಿದ್ದೀನಿ ಅಪ್ಪಾ. ಬಾಗಿಲ ತನಕ ಬಂದು ಹೌದು ಅಂದವರು ಕಮ್ಮಿ. ನಿಮ್ಮಿಂದ ತುಂಬ ಉಪಕಾರ ಆಯ್ತು.”

ಗಜಕಡ್ಡಿ ಒಂದಿಂಚು ಬಾಗಿದ್ದನ್ನು ದರ್ಜಿ ಅವತ್ತು ಕಣ್ಣಾರೆ ಕಂಡ. ಬಾಗಿಲು ಮಾತ್ರ ತೆರೆಯಲಿಲ್ಲ.

ಆದರೆ ಮಗುವಿಗೆ ಹಾಲು ಕುಡಿಸಿ ಸಿದ್ಧ ಮಾಡಿಯಾಗಿತ್ತು, ಕುರ್ಚಿ ಖಾಲಿಯಿತ್ತು. ತಾಯಿಯೇ ಬರಲಿ ಎಂದರೆ ಅವಳು ಬೆಳಗ್ಗೆ ಎರಡು ಗಂಟೆ ಕೂತು, ಹೊಟ್ಟೆಯ ಹೊಲಿಗೆ ನೋಯುತ್ತಿದೆ ಎಂದು ಆಗಷ್ಟೇ ಮಲಗಿದ್ದಳು. ಮನೆಯವರು ಬೇರೆ ಯಾರಿದ್ದಾರೆ ಎಂದು ನರ್ಸ್ ಕೇಳಿದಾಗ, ಅತ್ತೆ ಬೆಂಚಿನಿಂದ ಎದ್ದು ನಿಂತರು. ಜ್ವರವಿಲ್ಲ, ಕೆಮ್ಮಿಲ್ಲ, ಹೊಟ್ಟೆ ಕಲ್ಲಿನಂತಿದೆ. ಇವತ್ತು ಏನಾದರೂ ಮಾತ್ರೆ ತಗೊಂಡಿದ್ದೀರಾ ಎಂದಾಗ ಅತ್ತೆಗೆ ಅವಮಾನವಾದಂತಾಯಿತು.

“ನಾನು ಮಾತ್ರೆ ಕೊಡೋಳೇ ಹೊರತು ತಗೊಳ್ಳೋಳಲ್ಲ” ಎಂದರು.

ಅವರು ಮೊದಲ ಸಲಕ್ಕೇ ಕೈ ತೊಳೆದು ಪಾಸಾದರು.

ದರ್ಜಿ ಗಾಜಿಗೆ ಹತ್ತಿರ ನಿಂತು ನೋಡಿದ. ಹಸಿರು ಗೌನಿನ ಅತ್ತೆ ಕುರ್ಚಿಗೆ ಒರಗಿದ್ದರು, ಅವರ ಎದೆಯ ಮೇಲೆ ಅಂಗೈಯಗಲದ ಮಗಳು ಮುದುಡಿ ಮಲಗಿದ್ದಳು. ಉಸಿರಾಡುವಾಗ ಬೆನ್ನು ಏರಿ ಇಳಿಯುವುದು ಕಾಣುತ್ತಿತ್ತು. ಹತ್ತು ದಿನ ಅದನ್ನು ಎಣಿಸುತ್ತ ಕೂತಿದ್ದವನು ಅವನು. ಹೊಟ್ಟೆಕಿಚ್ಚಾಗಬೇಕಿತ್ತು, ಸ್ವಲ್ಪ ಆಯಿತು ಕೂಡ. ಆದರೆ ಅದಕ್ಕಿಂತ ದೊಡ್ಡದಾಗಿ ಉಕ್ಕಿ ಬಂದದ್ದು ಕೃತಜ್ಞತೆ. ಆ ಇಂಜೆಕ್ಷನ್ನಿಗೆ, ಅದನ್ನು ಜೋಪಾನವಾಗಿ ಬಳಸಿದವರಿಗೆ, ಯಾರ ಮುಖವನ್ನೂ ನೋಡದೆ ಕೈ ತೊಳೆಸುವ ಆ ನರ್ಸಿಗೆ, ತನ್ನನ್ನು ಹೊರಗಿಟ್ಟ ಈ ಬಾಗಿಲಿಗೂ ಅವನು ನಿಂತಲ್ಲೇ ಕೈಮುಗಿದ. ಹಿಂದೆ ಯಾರೋ ನಕ್ಕಂತಾಯಿತು. ಸುದ್ದಿ ಕೇಳಿ ಎದ್ದು ಬಂದಿದ್ದ ಹೆಂಡತಿ, ಹೊಲಿಗೆ ಹರಿಯದಿರಲಿ ಎಂದು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅವನೂ ನಕ್ಕ.

ಐದು ಗಂಟೆಗೆ ಅತ್ತೆ ಹೊರಗೆ ಬಂದರು. ಮುಖ ಹೊಳೆಯುತ್ತಿತ್ತು. ಅವರು ನೇರ ತನ್ನ ಕಡೆಗೇ ಬರುವುದನ್ನು ಕಂಡು, ಈಗ ಹೊಟ್ಟೆಗೊಂದು ಮಾತ್ರೆ ಬರುತ್ತದೆ ಎಂದು ದರ್ಜಿ ಅಂದುಕೊಂಡ. ಡಾಕ್ಟರಮ್ಮನಿಗೆ ಮಾತು ಕೊಟ್ಟಾಗಿದೆ, ದಯವಿಟ್ಟು ಬೇಡ ಎಂದು ಹೇಳಲು ಬಾಯಿ ತೆರೆದ.

ಅತ್ತೆಯೇ ಮೊದಲು ಮಾತಾಡಿದರು. “ಡಾಕ್ಟರಮ್ಮ ಹೇಳಿದ್ದು ನೂರಕ್ಕೆ ನೂರು ನಿಜ ಅಳಿಯಂದಿರೇ. ಸುಮ್ಸುಮ್ನೆ ಮಾತ್ರೆ ನುಂಗಬಾರದು. ನೀರು ಕುಡೀತಾ ಇರಿ, ಅದು ತಾನಾಗೇ ವಾಸಿಯಾಗಲಿ. ಅವಸರ ಬೇಡ, ನಿಧಾನಕ್ಕೇ ಆಗಲಿ. ನಾಳೆ, ನಾಡಿದ್ದು, ಆಚೆ ನಾಡಿದ್ದು, ನಾಲ್ಕು ಗಂಟೆಗೆ ನನ್ನ ಹೆಸರೇ ಬರೆಸಿ ಬಂದಿದ್ದೀನಿ.”